ಮತ್ತರ್ ಹಾಜಿಯ ಕೊನೆಯ ಕ್ಯಾಸೆಟ್

“ಇನ್ನೊಂದ್ಸಲ ಹಾಕು,” ಎಂದೆ.

ಶಾಹೀನ್ ನನ್ನ ಮುಖ ನೋಡಿದ. “ಇನ್ನೆಷ್ಟು ಸಲ ಕೇಳ್ತೀರಿ, ಬು ಮರ್ಜಾನ್? ಸತ್ತಿರೋದು ನನ್ನ ಚಿಕ್ಕಪ್ಪ. ಕೇಳಿದಾಗೆಲ್ಲ ಕರುಳು ಕಿತ್ತು ಬರುತ್ತೆ.”

“ಕರುಳನ್ನ ಗಟ್ಟಿಯಾಗಿ ಹಿಡ್ಕೊ. ಹಾಕು.”

ಅವನು ಕ್ಯಾಸೆಟ್ಟನ್ನು ಹಿಂದಕ್ಕೆ ಓಡಿಸಿ ಮತ್ತೆ ಹಾಕಿದ. ಟಿವಿಯಲ್ಲಿ ಬಿಳಿ ಗಡ್ಡದ ಹಿರಿಯರೊಬ್ಬರು ಕಾಗದ ಹಿಡಿದು ಓದುತ್ತಿದ್ದರು. ಚಂದ್ರ ಕಾಣಿಸಿದೆ, ನಾಳೆ ಈದ್ ಎಂದು ಅವರು ಹೇಳುತ್ತಿರುವುದು ತುಟಿ ನೋಡಿದರೇ ತಿಳಿಯುತ್ತಿತ್ತು. ಆದರೆ ಕೇಳಿಸುತ್ತಿದ್ದದ್ದು ಅವರ ದನಿಯಲ್ಲ. ಅದು ಜೌಹರನದು.

“ಇವತ್ತು ನಿನ್ನ ಮೆಷಿನ್ನೂ ಒಡೀತೀನಿ, ಅದರ ಜೊತೆ ನಿನ್ನ ತಲೇನೂ ಒಡೀತೀನಿ. ನಮ್ಮ ಅಪ್ಪಂದಿರು ಉಸಿರು ಕಟ್ಟಿ ಕಲಿತ ಹಾಡು ನಿನ್ನ ಪೆಟ್ಟಿಗೆಯೊಳಗೆ ಹೋಗೋಕಲ್ಲ ಇರೋದು.”

ಆಮೇಲೆ ಏನೋ ಧಡಕ್ಕೆಂದಿತು. ನಂತರ ಬರೀ ಗೊರಗೊರ. ಟಿವಿಯ ಹಿರಿಯರು ಕಾಗದ ಮಡಚಿ ಮರೆಯಾದರು.

ಈದಿನ ಹಿಂದಿನ ಸಂಜೆ ಮತ್ತರ್ ಹಾಜಿ ತಮ್ಮ ಮನೆಯ ಮಾಳಿಗೆ ಮೆಟ್ಟಿಲ ಕೆಳಗೆ ತಲೆ ಒಡೆದು ಬಿದ್ದಿದ್ದರು. ವಯಸ್ಸಾದವರು, ಚಂದ್ರ ನೋಡಲು ಹತ್ತಿ ಜಾರಿದ್ದಾರೆ ಎಂದು ಎಲ್ಲರೂ ಅತ್ತು ಮಣ್ಣು ಮಾಡಿದರು. ಈದ್ ಕಳೆದ ಮೇಲೆ ಅವರ ಅಣ್ಣನ ಮಗ ಶಾಹೀನ್ ಈ ಕ್ಯಾಸೆಟ್ ಹಿಡಿದು ದಾರ್‌ಗೆ ಬಂದ. ದಾರ್ ಎಂದರೆ ಕೊಲ್ಲಿ ನಾಡಿನ ನಮ್ಮ ಮುಹರ್ರಕ್‌ನಲ್ಲಿ ಮುತ್ತು ತೆಗೆಯುತ್ತಿದ್ದವರ ಹಾಡುಗಳನ್ನು ಗಂಡಸರು ಕೂತು ಹಾಡುವ ಮನೆ. ಜೌಹರ್ ಅಲ್ಲಿಯ ಮುಖ್ಯ ಡೋಲುಗಾರ.

ಶಾಹೀನನ ಮಾತು ನೇರವಾಗಿತ್ತು. ಶುಕ್ರವಾರದ ನಮಾಜ್ ಮುಗಿದ ಮೇಲೆ ಎಲ್ಲರ ಮುಂದೆ ಕ್ಯಾಸೆಟ್ ಹಾಕಬೇಕು. ಜೌಹರ್ ತಪ್ಪೊಪ್ಪಿಕೊಂಡು ಊರು ಬಿಟ್ಟರೆ ಸರಿ, ಇಲ್ಲವಾದರೆ ಕ್ಯಾಸೆಟ್ ಪೊಲೀಸರ ಕೈಗೆ. ಆ ಶುಕ್ರವಾರ ನಾಳೆಯೇ. ಜೌಹರನ ತಂಗಿ ಸಬೀಕಾ ನಮ್ಮ ಮನೆಯ ಹೊಸ್ತಿಲಲ್ಲಿ ನಿಂತು ಅತ್ತಿದ್ದರಿಂದ ನಾನು ಮತ್ತರ್ ಹಾಜಿಯ ಈ ಕೋಣೆಯಲ್ಲಿ ಕೂತಿದ್ದೆ. ದಾರ್‌ನ ಯಜಮಾನ ಅತೀಖ್ ಹಾಜಿ ಕ್ಯಾಸೆಟ್ಟನ್ನು ಶಾಹೀನನ ಬಳಿಯೂ ಬಿಡದೆ, ಜೌಹರನ ಬಳಿಯೂ ಬಿಡದೆ ನನ್ನ ಚೀಲಕ್ಕೆ ಹಾಕಿದ್ದರು. ಜಗಳದ ವಸ್ತು ಮೂರನೆಯವನ ಬಳಿ ಇರುವುದು ನಮ್ಮಲ್ಲಿ ಹಳೆಯ ರೂಢಿ.

ಮೂರನೆಯವನಾಗಿ ನನ್ನನ್ನೇ ಆರಿಸಲು ಕಾರಣವಿದೆ. ಬಂದರಿನ ಸುಂಕದ ಕಟ್ಟೆಯಲ್ಲಿ ನನ್ನ ಕೆಲಸ ಕ್ಯಾಸೆಟ್ ನೋಡುವುದಾಗಿತ್ತು. ಪ್ರಯಾಣಿಕರ ಪೆಟ್ಟಿಗೆಯಲ್ಲಿ ಸಿಕ್ಕ ಪ್ರತಿಯೊಂದು ವಿಡಿಯೋ ಕ್ಯಾಸೆಟ್ಟನ್ನೂ ಕಣ್ಣಲ್ಲಿ ನೀರು ಬರುವವರೆಗೆ ನೋಡಿ ಬಿಡಬೇಕೋ ಬೇಡವೋ ಹೇಳುತ್ತಿದ್ದೆ. ಲೋಕದ ಕೆಟ್ಟ ಸಿನಿಮಾಗಳನ್ನೆಲ್ಲ ಸರ್ಕಾರದ ಸಂಬಳದಲ್ಲಿ ನೋಡಿದವನು ನಾನೊಬ್ಬನೇ ಎಂದು ನನ್ನ ಹೆಂಡತಿ ನೆಂಟರ ಮುಂದೆ ಹೇಳಿಕೊಂಡು ನಗುತ್ತಾಳೆ.

“ಇದಕ್ಕೆ ಮುಂಚೆ ಕ್ಯಾಸೆಟ್‌ನಲ್ಲಿ ಏನಿದೆ?” ಎಂದು ಶಾಹೀನನನ್ನು ಕೇಳಿದೆ.

“ಏನೂ ಇಲ್ಲ. ಬರೀ ಮೌನ.”

ಹಿಂದಕ್ಕೆ ಓಡಿಸಿ ನೋಡಿದೆ. ಟಿವಿಯ ರಂಜಾನ್ ಅಡುಗೆ ಕಾರ್ಯಕ್ರಮದಲ್ಲಿ ಒಬ್ಬಾಕೆ ಸಮೋಸದಂಥ ಸಂಬೂಸ ಮಡಚುತ್ತಿದ್ದಳು. ಮಡಚುತ್ತಲೇ ಇದ್ದಳು. ಶಬ್ದವೆಂಬುದು ಇರಲಿಲ್ಲ.

ಹೊಸಬರಿಗೆ ಇದು ವಿಚಿತ್ರ. ಮತ್ತರ್ ಹಾಜಿಯನ್ನು ಬಲ್ಲವರಿಗೆ ಅಲ್ಲ. ಅವರು ವಿಡಿಯೋ ಯಂತ್ರ ಕೊಂಡದ್ದು ಸಿನಿಮಾ ನೋಡುವುದಕ್ಕಲ್ಲ, ಹಾಡು ಹಿಡಿದಿಡುವುದಕ್ಕೆ. ನಮ್ಮ ಕಡಲ ಹಾಡು ಒಮ್ಮೆ ಶುರುವಾದರೆ ಊಟದ ಹೊತ್ತು ಮೀರಿದರೂ ಮುಗಿಯುವುದಿಲ್ಲ. ಸಣ್ಣ ಆಡಿಯೋ ಕ್ಯಾಸೆಟ್ ನಟ್ಟನಡುವೆ ಟಕ್ಕೆಂದು ನಿಂತು ಮಗುಚಿ ಹಾಕುವಷ್ಟರಲ್ಲಿ ಹಾಡಿನ ಕುತ್ತಿಗೆ ಮುರಿದಿರುತ್ತಿತ್ತು. ವಿಡಿಯೋ ಕ್ಯಾಸೆಟ್ ಗಂಟೆಗಟ್ಟಲೆ ಓಡುತ್ತದೆ. ಮೇಲಾಗಿ ಹಾಜಿಯದು ಹೈಫೈ ಯಂತ್ರ. ಅದರಲ್ಲಿ ಕೇಳಿದರೆ ಹಾಡುಗಾರ ಮುಂದಿನ ಸಾಲಿಗೆ ಉಸಿರೆಳೆದುಕೊಳ್ಳುವುದೂ ಕಿವಿಯ ಪಕ್ಕದಲ್ಲೇ ಕೇಳುತ್ತಿತ್ತು.

ಒಂದೇ ತೊಂದರೆ. ಚಿತ್ರವನ್ನೂ ಕೊಡದಿದ್ದರೆ ಅವರ ಯಂತ್ರದಲ್ಲಿ ಟೇಪು ಒಂದೇ ವೇಗದಲ್ಲಿ ಓಡುತ್ತಿರಲಿಲ್ಲ. ಅದಕ್ಕೆ ಹಾಜಿ ಶಬ್ದವನ್ನು ಮೈಕಿನಿಂದ, ಚಿತ್ರವನ್ನು ಟಿವಿಯಿಂದ ಕೊಡುತ್ತಿದ್ದರು, ಆ ಹೊತ್ತಿಗೆ ಏನು ಬರುತ್ತಿತ್ತೋ ಅದು. ಅವರ ಕಪಾಟಿನಲ್ಲಿ ಒಂಟೆ ಓಟದ ಮೇಲೆ ಮುಳುಗುಗಾರರ ಹಾಡಿತ್ತು, ಮಕ್ಕಳ ಕಾರ್ಟೂನಿನ ಮೇಲೆ ವಿರಹದ ಹಾಡಿತ್ತು. ಆದ್ದರಿಂದಲೇ ದಾರ್‌ನ ಹಿರಿಯರು ಈ ಕ್ಯಾಸೆಟ್ಟನ್ನು ನಂಬಿದ್ದರು. ಚಿತ್ರ ಈದಿನ ಹಿಂದಿನ ಸಂಜೆಯದು, ದನಿ ಜೌಹರನದು. ಇನ್ನೇನು ಬೇಕು?

“ಮತ್ತರ್ ಹಾಜಿ ಮೌನಾನ ರೆಕಾರ್ಡ್ ಮಾಡ್ಕೊಳ್ತಿದ್ರಾ, ಶಾಹೀನ್?”

“ವಯಸ್ಸಾಗಿತ್ತು. ಬಟನ್ ಒತ್ತಿ ಮರೆತಿರ್ತಾರೆ.”

“ಮೈಕಿನ ಮುಂದೆ ಯಾರಾದ್ರೂ ಕೆಮ್ಮಿದ್ರೆ ಮತ್ತೆ ಮೊದಲಿಂದ ಹಾಡಿಸ್ತಿದ್ದ ಮನುಷ್ಯ.”

“ಮನುಷ್ಯ ಕೊನೇವರೆಗೂ ಹಾಗೇ ಇರ್ತಾನಾ, ಬು ಮರ್ಜಾನ್? ನೀವೇ ಮೊನ್ನೆ ಕನ್ನಡಕ ಹಣೆ ಮೇಲಿಟ್ಕೊಂಡು ಹುಡುಕ್ತಿದ್ರಂತೆ.”

ಇದು ನಿಜವೇ. ನಮ್ಮ ಓಣಿಯಲ್ಲಿ ಏನನ್ನೂ ಮುಚ್ಚಿಡುವಂತಿಲ್ಲ. ನಾನು ಎದ್ದು ಕೋಣೆಯಲ್ಲಿ ಅಡ್ಡಾಡಿದೆ.

ಜೌಹರನ ದನಿಯ ಹಿಂದಿನ ಆ ಗೊರಗೊರ ನನ್ನ ಕಿವಿಯಲ್ಲೇ ಕೂತಿತ್ತು. ಅದು ಏಸಿಯ ಸದ್ದು, ಬೇಸಿಗೆಯುದ್ದಕ್ಕೂ ಈ ಊರಿನ ಪ್ರತಿ ಕಿಟಕಿಯಲ್ಲೂ ಕೇಳುವಂಥದ್ದು. ಹಾಜಿಯ ಕಿಟಕಿಯಲ್ಲಿಯೂ ಏಸಿ ಇತ್ತು. ಚಳಿಗಾಲ ಶುರುವಾಗುವ ಮೊದಲೇ ಅದಕ್ಕೆ ಹಳೆಯ ಕಂಬಳಿ ಹೊದಿಸಿ ಹಗ್ಗ ಬಿಗಿದಿದ್ದರು. ಗಂಟಿನ ಮೇಲೆ ಧೂಳು ದಪ್ಪಗೆ ಕೂತಿತ್ತು.

“ಈ ಚಳೀಲಿ ಏಸಿ ಯಾರು ಹಾಕಿದ್ರು?”

“ಯಾವ ಏಸಿ?”

“ಕ್ಯಾಸೆಟ್ಟಲ್ಲಿ ಗೊರಗೊರ ಅಂತಿದೆಯಲ್ಲ.”

“ಫ್ರಿಜ್ಜಿರ್ಬೇಕು.”

“ಫ್ರಿಜ್ ಅಂಗಳದ ಆ ಕಡೆ ಅಡುಗೆಮನೇಲಿದೆ.”

“ಹಂಗಾದ್ರೆ ಹಳೇ ಟೇಪಿನ ಸದ್ದು.” ಅವನು ಭುಜ ಕುಣಿಸಿದ. ಇವನ ಉತ್ತರಗಳೆಲ್ಲ ಜೇಬಿನಲ್ಲೇ ಇದ್ದವು, ಕೈ ಹಾಕಿದರೆ ಒಂದು ಸಿಗುತ್ತಿತ್ತು.

ಹಾಡು ಹಿಡಿಯುವಾಗ ಹಾಜಿ ಆಗಸ್ಟ್ ತಿಂಗಳಲ್ಲೂ ಏಸಿ ಆರಿಸುತ್ತಿದ್ದರು. ಅಲ್ಲಿ ಹಾಡು ಕೇಳಲು ಹೋದವರು ಹಮಾಮಿನಿಂದ ಬಂದವರಂತೆ ತೊಯ್ದು ತೊಪ್ಪೆಯಾಗಿ ಹಿಂದಿರುಗುತ್ತಿದ್ದರು. ಬೇಸಿಗೆಯಲ್ಲೇ ಹಾಕದವರು ಚಳಿಯಲ್ಲಿ ಹಾಕುತ್ತಾರೆಯೇ? ಶಾಹೀನನಿಗೆ ಇದನ್ನು ಹೇಳಲಿಲ್ಲ. ಮೂಲೆಯಲ್ಲಿ ಚಾಪೆಯ ಮೇಲೆ ಗುಡ್ಡೆ ಹಾಕಿದ್ದ ಒಡೆದ ಯಂತ್ರದ ಬಳಿ ಕೂತೆ.

ಹಾಜಿಯ ಪ್ರಾಣ ಇದರಲ್ಲಿತ್ತು. ಕೋಣೆಯಲ್ಲಿ ಎರಡು ಯಂತ್ರಗಳಿದ್ದವು. ಒಂದು ಈ ಹೈಫೈ, ಇನ್ನೊಂದು ಬಂದವರಿಗೆ ಏನಾದರೂ ತೋರಿಸಲು ಇಟ್ಟಿದ್ದ ಸಾಧಾರಣ ಸಣ್ಣ ಯಂತ್ರ. ಸಣ್ಣದಕ್ಕೆ ಒಂದು ಗೀರೂ ಆಗಿರಲಿಲ್ಲ. ನಾವು ಈಗ ಕೇಳುತ್ತಿದ್ದುದು ಅದರಲ್ಲೇ.

“ಕ್ಯಾಸೆಟ್ ಯಾವುದರೊಳಗಿತ್ತು?”

“ಸಣ್ಣದರಲ್ಲಿ.”

“ಹಾಜಿ ಸಣ್ಣದರಲ್ಲಿ ಯಾವತ್ತು ರೆಕಾರ್ಡ್ ಮಾಡಿದ್ದಾರೆ?”

“ಅವತ್ತು ಮಾಡಿದ್ದಾರೆ.” ಅವನ ದನಿ ಸ್ವಲ್ಪ ಏರಿತು. “ದೊಡ್ಡದರಲ್ಲಿದ್ದಿದ್ರೆ ಮೆಷಿನ್ ಜೊತೆ ಕ್ಯಾಸೆಟ್ಟೂ ಪುಡಿಯಾಗ್ತಿತ್ತು. ದೇವರ ದಯೆ, ಸಣ್ಣದರಲ್ಲಿತ್ತು.”

ಯಂತ್ರದ ಮುಚ್ಚಳವನ್ನು ಎತ್ತಿ ಬೆಳಕಿಗೆ ಹಿಡಿದೆ. ಅದರ ಮೈ ನುಣ್ಣಗಿತ್ತು. ಏಟು ಬಿದ್ದದ್ದು ಒಳಗೆ, ಟೇಪಿಗೆ ಉಜ್ಜಿಕೊಂಡು ತಿರುಗುವ ಬೆಳ್ಳಿ ಬಣ್ಣದ ಉರುಳೆಯ ಮೇಲೆ. ಅದು ಜಜ್ಜಿ ಹೋಗಿತ್ತು. ಮುಚ್ಚಳದ ಸ್ಕ್ರೂಗಳು ಒಂದೂ ಮುರಿಯದೆ ಪಕ್ಕದ ಬಟ್ಟಲಲ್ಲಿ ಕೂತಿದ್ದವು.

“ಸಿಟ್ಟಲ್ಲಿ ಬಂದವನು ಸ್ಕ್ರೂ ಬಿಚ್ಚಿ, ಬಟ್ಟಲಲ್ಲಿ ಹಾಕಿ, ಆಮೇಲೆ ಒಡೀತಾನಾ, ಶಾಹೀನ್?”

ಈ ಸಲ ಜೇಬಿಗೆ ಹೋದ ಕೈ ತುಸು ತಡವಾಗಿ ಹೊರಬಂತು. “ನಾನು ಬಿಚ್ಚಿದ್ದು. ರಿಪೇರಿ ಆಗುತ್ತಾ ಅಂತ ನೋಡೋಕೆ.”

“ಮುಚ್ಚಳ ನೆಟ್ಟಗಿದ್ದು ಒಳಗಿನ ಉರುಳೆ ಮಾತ್ರ ಹೇಗೆ ಜಜ್ಜಿತು?”

ಅವನು ಎದ್ದು ನಿಂತ. “ಬು ಮರ್ಜಾನ್, ನಿಮಗೆ ಬಂದರಲ್ಲಿ ಕಂಡವರ ಪೆಟ್ಟಿಗೆ ಬಿಚ್ಚಿಸಿ ಅಭ್ಯಾಸ. ಇದು ಸಾವಿನ ಮನೆ. ಚಿಕ್ಕಪ್ಪನ ಹಾಡುಗಳನ್ನ ನಾನು ಸಿಡಿ ಮಾಡಿ ಲೋಕಕ್ಕೆಲ್ಲ ಕೇಳಿಸ್ಬೇಕು ಅಂತಿದ್ದೆ. ಬೇಡ ಅಂತ ಅಡ್ಡ ಬಂದವನು ಜೌಹರ್ ಒಬ್ಬನೇ. ನೀವು ಅವನ ತಂಗಿಯ ಕಣ್ಣೀರಿಗೆ ಕರಗಿ ಇಲ್ಲಿ ಬಂದು ನನ್ನನ್ನ ವಿಚಾರಿಸ್ತಿದ್ದೀರಿ.”

“ಹೌದು, ಕರಗಿದ್ದೀನಿ. ಅದಕ್ಕೇನೀಗ?”

ನಾನು ಕ್ಯಾಸೆಟ್ಟನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ. ಅಂಗಳ ದಾಟುವಾಗ ಅವನು ಸಣ್ಣ ಯಂತ್ರವನ್ನು ಎತ್ತಿಕೊಂಡು ಹಿಂದೆಯೇ ಬಂದ. ಮುಖದ ಸಿಟ್ಟು ಎಲ್ಲಿಗೋ ಹೋಗಿತ್ತು.

“ಮನೇಲಿ ಮತ್ತೆ ಕೇಳೋದಾದ್ರೆ ಇದನ್ನೇ ತಗೊಂಡು ಹೋಗಿ. ಬೇರೆ ಮೆಷಿನ್‌ಗೆ ಹಾಕ್ಬೇಡಿ, ಟೇಪ್ ತಿಂದುಬಿಡುತ್ತೆ.”

“ಸಾವಿನ ಮನೆಯಿಂದ ಸಾಮಾನು ಒಯ್ಯಬಾರದು,” ಎಂದೆ. ಇಷ್ಟು ಹೊತ್ತಿನಲ್ಲಿ ಅವನು ತಾನಾಗಿ ಕೊಡಲು ಬಂದದ್ದು ಅದೊಂದನ್ನೇ. ಏಕೆ ಎಂಬ ಪ್ರಶ್ನೆ ಓಣಿಯುದ್ದಕ್ಕೂ ನನ್ನ ಜೊತೆ ನಡೆದುಬಂತು.

ದಾರ್‌ನ ಅಂಗಳದಲ್ಲಿ ಜೌಹರ್ ಒಣಗಿದ ಖರ್ಜೂರದ ಗರಿಗಳಿಗೆ ಬೆಂಕಿ ಹಾಕಿ ಡೋಲಿನ ಚರ್ಮ ಕಾಯಿಸುತ್ತಿದ್ದ. ಆಳು ದೊಡ್ಡವನು, ಕೈಗಳು ಅದಕ್ಕಿಂತ ದೊಡ್ಡವು. ಸಲಾಂ ಹೇಳಿದನೇ ಹೊರತು ಏಳಲಿಲ್ಲ.

“ನಾಳೆ ಊರು ಬಿಡ್ಬೇಕಾಗಿರೋನು ಇವತ್ತು ಡೋಲು ಕಾಯಿಸ್ತಿದ್ದೀಯಲ್ಲ, ಮಾರಾಯ.”

“ತಪ್ಪು ಮಾಡಿದ್ರೆ ತಾನೆ ಊರು ಬಿಡೋದು?”

“ಕ್ಯಾಸೆಟ್ಟಲ್ಲಿರೋ ದನಿ ನಿಂದಲ್ವಾ?”

“ನಂದೇ.” ಚರ್ಮವನ್ನು ಬೆರಳಿನಿಂದ ತಟ್ಟಿ ಕಿವಿಗೊಟ್ಟ. “ಬೇಸಿಗೇಲಿ ಬೈದಿದ್ದೆ. ಮನಾಮಾದಲ್ಲಿ ಶಾಹೀನನ ವಿಡಿಯೋ ಅಂಗಡೀಲಿ, ಅಲ್ಲಿ ಮೈಕು ಆನ್ ಇದ್ದಿರ್ಬೇಕು. ಹಾಡೆಲ್ಲ ಸಿಡಿ ಆಗ್ತಿದೆ ಅಂತ ಗೊತ್ತಾಗಿ ನೆತ್ತಿಗೇರಿತ್ತು. ಹಾಜಿ ಮರುದಿನವೇ ನಮ್ಮನೆಗೆ ಹಲ್ವಾ ಹಿಡ್ಕೊಂಡು ಬಂದ್ರು. ನಿನ್ನ ಮಾತೇ ಸರಿ, ಸಿಡಿ ಮಾಡಿಸಲ್ಲ ಅಂದ್ರು. ಅಲ್ಲಿಗೆ ಮುಗೀತು.”

“ಆ ಅಂಗಡೀಲಿ ಏಸಿ ಇದೆಯಾ?”

“ಇದೆಯಾ ಅಂತ ಕೇಳ್ತೀರಾ? ಡೀಸೆಲ್ ದೋಣಿ ಹಾಗೆ ಕೂಗುತ್ತೆ. ಅದಕ್ಕೇ ನಾನು ಅಷ್ಟು ಗಟ್ಟಿಯಾಗಿ ಬೈದಿದ್ದು.”

ಅವನಿಗೆ ನಗು ಬಂತು. ನನಗೂ ಬಂತು. ಹಗ್ಗದ ಒಂದು ತುದಿ ಕೈಗೆ ಸಿಕ್ಕಂತಾಗಿತ್ತು.

“ಇನ್ನೊಂದೇ ಮಾತು. ಈದಿನ ಹಿಂದಿನ ಸಂಜೆ ಎಲ್ಲಿದ್ದೆ?”

“ಇಲ್ಲೇ. ಡೋಲುಗಳಿಗೆ ಎಣ್ಣೆ ಹಚ್ತಾ ಇದ್ದೆ.” ಬೆಂಕಿಗೆ ಇನ್ನೊಂದು ಗರಿ ಹಾಕಿದ. “ಹಾಜಿಯ ಓಣಿಗೆ ಕಾಲೇ ಇಟ್ಟಿಲ್ಲ.”

ನಾನು ಮನೆಗೆ ಬರುವಷ್ಟರಲ್ಲಿ ಇಳಿಹೊತ್ತಿನ ಅಸರ್ ನಮಾಜಿನ ಬಾಂಗು ಆಗುತ್ತಿತ್ತು. ಸಬೀಕಾ ಆಗಲೇ ಬಂದು ನನ್ನ ಹೆಂಡತಿಯ ಜೊತೆ ಕೂತಿದ್ದಳು. ಶಾಲೆಯಲ್ಲಿ ಗಣಿತ ಕಲಿಸುವವಳು, ತೆಳ್ಳಗೆ, ಮಾತು ಕಡಿಮೆ. ತಾಯಿ ಹೋದ ಮೇಲೆ ಅಣ್ಣ ತಂಗಿ ಇಬ್ಬರೇ. ಮುಂದಿದ್ದ ಗಹ್ವಾ ಕಾಫಿ ಆರಿ ತಣ್ಣಗಾಗಿತ್ತು.

“ಹೊಲಿಗೆ ಮೆಷಿನ್ ಕೆಳಗೆ ಇಟ್ಟಿದ್ದೀಯಲ್ಲ, ಆ ಪೆಟ್ಟಿಗೆ ತೆಗಿ,” ಎಂದೆ ಹೆಂಡತಿಗೆ.

“ಯಾವ ಪೆಟ್ಟಿಗೆ?”

“ಬಂದರಿನ ಹರಾಜಲ್ಲಿ ತಂದಿದ್ದು. ಹೈಫೈ.”

“ಅಯ್ಯೋ, ಅದಾ. ಅದು ತೆಗೆದ್ರೆ ನನ್ನ ಮೆಷಿನ್ ಅಲ್ಲಾಡುತ್ತೆ. ಇಷ್ಟು ವರ್ಷಕ್ಕೆ ಒಂದು ಉಪಯೋಗಕ್ಕೆ ಬಂದಿತ್ತು.” ಆದರೂ ತೆಗೆದುಕೊಟ್ಟಳು. ನಾನು ಅದನ್ನು ತಂದ ದಿನ ಅವಳು ಒಪ್ಪೊತ್ತು ಮಾತು ಬಿಟ್ಟಿದ್ದಳು. ಇವತ್ತು ಧೂಳನ್ನೂ ತಾನೇ ಒರೆಸಿದಳು.

ಯಂತ್ರ ಉಸಿರಾಡಿತು, ಆದರೆ ಕ್ಯಾಸೆಟ್ ಓಡಲಿಲ್ಲ. ಒಳಗಿನ ರಬ್ಬರ್ ಪಟ್ಟಿ ಸಡಿಲಾಗಿ ಜೋತುಬಿದ್ದಿತ್ತು. ಹಾಜಿ ಕಲಿಸಿದ್ದ ಉಪಾಯ ನೆನಪಾಯಿತು. ಪಟ್ಟಿಯನ್ನು ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟೆ.

“ಇದನ್ನ ಕುದಿಯೋ ನೀರಿಗೆ ಹಾಕು. ಬಿಗಿಯಾಗುತ್ತೆ.”

“ಏಲಕ್ಕೀನೂ ಹಾಕ್ಲಾ?”

ಸಬೀಕಾ ನಕ್ಕಳು. ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಪಟ್ಟಿ ಕುದಿಯುತ್ತಿರುವಾಗ ನಾನು ಉರುಳೆಯನ್ನು ಸ್ಪಿರಿಟಿನಲ್ಲಿ ಅದ್ದಿದ ಬಟ್ಟೆಯಿಂದ ಮೆಲ್ಲಗೆ ಒರೆಸುತ್ತ ಅವಳಿಗೆ ವಿಷಯ ಬಿಡಿಸಿ ಹೇಳಿದೆ.

“ಇಂಥ ಮೆಷಿನ್ ಶಬ್ದಾನ ಎರಡು ಕಡೆ ಬರೆಯುತ್ತೆ, ತಂಗಿ. ಒಂದು ಟೇಪಿನ ಅಂಚಲ್ಲಿ, ಬಟ್ಟೆಯ ಅಂಚಿನ ಹಾಗೆ ಉದ್ದಕ್ಕೆ. ಇನ್ನೊಂದು ಟೇಪಿನ ಮೈಯಲ್ಲಿ, ಚಿತ್ರದ ಅಡೀಲೇ. ಸಾಧಾರಣ ಮೆಷಿನ್‌ಗೆ ಅಂಚಿನದು ಮಾತ್ರ ಕೇಳುತ್ತೆ. ಮೈಯಲ್ಲಿರೋದು ಹೈಫೈಗೆ ಮಾತ್ರ.”

“ಎರಡರಲ್ಲೂ ಒಂದೇ ಶಬ್ದ ಇರುತ್ತಲ್ವಾ?”

“ರೆಕಾರ್ಡ್ ಮಾಡಿದಾಗ ಒಂದೇ. ಆದರೆ ಅಂಚಿನದನ್ನ ಅಳಿಸಿ ಬೇರೆ ಹಾಕ್ಬಹುದು, ಚಿತ್ರ ಅಲುಗಲ್ಲ. ಮದುವೆ ವಿಡಿಯೋದಲ್ಲಿ ಗದ್ದಲ ತೆಗೆದು ಹಾಡು ಹಾಕಲ್ವಾ, ಹಾಗೆ. ಶಾಹೀನನ ಅಂಗಡೀಲಿ ದಿನಾ ನಡೆಯೋ ಕೆಲಸ ಅದು. ಮೈಯಲ್ಲಿರೋದನ್ನ ಮುಟ್ಟಿದ್ರೆ ಮಾತ್ರ ಚಿತ್ರವೂ ಹೋಗುತ್ತೆ. ಚಿತ್ರ ಹೋದ್ರೆ ಈದಿನ ಚಂದ್ರ ಹೋಯ್ತು, ಅವನ ಸಾಕ್ಷಿಯೂ ಹೋಯ್ತು.”

ಗಣಿತದವಳು, ಕೂಡಿ ಕಳೆದು ನೋಡುತ್ತಿದ್ದಾಳೆ ಎಂದುಕೊಂಡೆ.

“ಹಂಗಾದ್ರೆ ಅವತ್ತಿನ ನಿಜವಾದ ಶಬ್ದ ಇನ್ನೂ ಅದರೊಳಗಿದೆ,” ಎಂದಳು.

“ಇದೆ. ಅದಕ್ಕೇ ಅವನು ಹೈಫೈ ಮೆಷಿನ್ನಿನ ಉರುಳೆ ಜಜ್ಜಿರೋದು. ಇನ್ನೊಂದು ನಮ್ಮನೇಲಿ ಹೊಲಿಗೆ ಮೆಷಿನ್ ಹೊತ್ಕೊಂಡು ಕೂತಿದೆ ಅಂತ ಅವನಿಗೇನು ಗೊತ್ತು?”

“ಪೂರ್ತಿ ಕೇಳ್ಬೇಕಾ?”

ಅವಳ ಅಣ್ಣ ಉಳಿಯುವ ದಾರಿ ಕಂಡಿತ್ತು. ಅವಳ ಮುಖ ಅರಳಬೇಕಾಗಿತ್ತು. ಅರಳಲಿಲ್ಲ. ಆಗ ನಾನು ಅದನ್ನು ಕಂಡೂ ಕಾಣದವನಂತಿದ್ದೆ, ಈಗ ಅದಕ್ಕೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಪಟ್ಟಿ ಬಿಗಿಯಾಗಿ ಕೂತಿತು. ಕ್ಯಾಸೆಟ್ ಒಳಗೆ ಹೋಯಿತು. ಚಿತ್ರ ಹರಿದು, ಕುಣಿದು, ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತ ಹೋದಾಗ ನಿಂತಿತು. ಸಂಬೂಸ ಮಡಚುವಾಕೆ ಬಂದಳು. ಸ್ಪೀಕರಿನಲ್ಲಿ ಬರೀ ಬುರ್ ಎಂಬ ಸದ್ದು. ಇನ್ನೂ ಒಂದು ಕೂದಲೆಳೆ. ಹೈಫೈ ಎಂಬ ಸಣ್ಣ ದೀಪ ಕೆಂಪಗೆ ಹತ್ತಿಕೊಂಡಿತು.

ಹೆಣ್ಣಿನ ದನಿಯೊಂದು ಹಾಡುತ್ತಿತ್ತು.

ಕೋಣೆಯೊಳಗೆ ಬಂದು ಕೂತು ಹಾಡಿದಷ್ಟು ಹತ್ತಿರ. ನಾಲಗೆ ಅಂಗುಳಕ್ಕೆ ತಾಗುವುದೂ ಕೇಳುತ್ತಿತ್ತು. ಗಂಡಸರು ಮುತ್ತು ತೆಗೆಯಲು ಹೋಗಿ ತಿಂಗಳುಗಟ್ಟಲೆ ಬಾರದಿದ್ದಾಗ ಹೆಂಗಸರು ದಡಕ್ಕೆ ಹೋಗಿ ಕಡಲನ್ನು ಬೈಯುತ್ತಿದ್ದ ಹಾಡು. ದಾರ್‌ನಲ್ಲಿ ಇದನ್ನು ಯಾರೂ ಹಾಡುವುದಿಲ್ಲ. ಗಂಡಸರಿಗೆ ಅದು ಬಾರದು, ಹೆಂಗಸರು ಅಲ್ಲಿಗೆ ಬರುವುದಿಲ್ಲ.

ನನ್ನ ಹೆಂಡತಿ ಬಾಗಿಲಲ್ಲಿ ನಿಂತಿದ್ದವಳು ಅಲ್ಲೇ ಕೂತುಬಿಟ್ಟಳು. “ನಮ್ಮಜ್ಜಿ ಇದನ್ನ ಹಾಡ್ತಿದ್ಲು,” ಎಂದಳು. “ನನಗೆ ಒಂದು ಸಾಲೂ ಉಳಿದಿಲ್ಲ.” ಅವಳ ಕಣ್ಣು ತುಂಬಿತ್ತು. ಇಷ್ಟು ವರ್ಷ ಕ್ಯಾಸೆಟ್ ನೋಡಿದ ನಾನು ಇಂಥದ್ದೊಂದನ್ನು ಕೇಳಿರಲಿಲ್ಲ.

ಹಾಡು ಮುಗಿಯಿತು. ಮತ್ತರ್ ಹಾಜಿಯ ದನಿ ಬಂತು. “ನಿಮ್ಮಜ್ಜಿ ಬದುಕಿದ್ದಿದ್ರೆ, ಸಬೀಕಾ. ಅಂತೂ ಇವತ್ತಿಗೆ ಎಲ್ಲಾ ಹಾಡೂ ಆಯ್ತು.”

ನಾನು ತಿರುಗಿ ನೋಡಿದೆ. ಸಬೀಕಾ ಗಹ್ವಾದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

“ನಾನೇ,” ಎಂದಳು. “ಪ್ರತಿ ಗುರುವಾರ ಹೋಗ್ತಿದ್ದೆ. ಟ್ಯೂಷನ್ ಇದೆ ಅಂತ ಮನೇಲಿ ಹೇಳ್ತಿದ್ದೆ. ಅಜ್ಜಿ ಕಲಿಸಿದ ಈ ಹಾಡುಗಳು ನನ್ನ ಜೊತೆಗೇ ಸಾಯ್ಬಾರದು ಅಂತ ಹಾಜಿ ಮಾಮಾ ಹೇಳ್ತಿದ್ರು. ರಂಜಾನ್ ಮುಗಿಯೋ ಮುಂಚೆ ಉಳಿದದ್ದನ್ನ ಹಾಡಿಬಿಡ್ಬೇಕು ಅಂತ ಅವತ್ತೂ ಹೋಗಿದ್ದೆ.”

“ಜೌಹರ್‌ಗೆ ಗೊತ್ತಾ?”

“ಗೊತ್ತಿದ್ರೆ ನಾನಿಲ್ಲಿ ಕೂತಿರ್ತಿದ್ನಾ? ಪರ ಗಂಡಸಿನ ಮನೇಲಿ, ಮೈಕಿನ ಮುಂದೆ, ಅವನ ತಂಗಿ ಹಾಡ್ತಾಳೆ ಅಂದ್ರೆ ದಾರ್‌ನಲ್ಲಿ ಅವನು ಡೋಲು ಮುಟ್ಟೋಕಾಗುತ್ತಾ?”

“ನಾಳೆ ಇದನ್ನ ಅಲ್ಲಿ ಹಾಕ್ಬೇಕಾಗುತ್ತೆ, ಸಬೀಕಾ. ಎಲ್ಲರ ಮುಂದೆ.”

ಅವಳು ಬಟ್ಟಲನ್ನು ಕೆಳಗಿಟ್ಟಳು. “ಹಾಕಿ. ಅಣ್ಣ ನನ್ನ ಮುಖ ನೋಡದಿದ್ರೂ ಪರವಾಗಿಲ್ಲ, ಅವನು ಉಳೀಲಿ. ನಾನು ಹೊರಟಾಗ ಮಾಮಾ ಚೆನ್ನಾಗೇ ಇದ್ರು. ಆಮೇಲೆ ಶಾಹೀನ್ ಬಂದಿರ್ತಾನೆ. ಅದೂ ಇದರಲ್ಲಿರುತ್ತೆ.”

ಆ ಮಾತನ್ನು ಹೇಳಲು ಅವಳಿಗೆ ಎಷ್ಟು ಕಷ್ಟವಾಯಿತೆಂದು ನನಗೆ ಗೊತ್ತು. ನನ್ನ ಹೆಂಡತಿ ಹೋಗಿ ಅವಳ ಪಕ್ಕ ಕೂತಳು.

ಟೇಪು ಓಡುತ್ತಿತ್ತು. ಸ್ಪೀಕರಿನಲ್ಲಿ ಸಬೀಕಾ ಹೊರಡುತ್ತೇನೆಂದಳು. ಬಾಗಿಲು ಮುಚ್ಚಿತು. ಹಾಜಿ ಒಬ್ಬರೇ ಏನೋ ಗುನುಗಿಕೊಂಡು ಕೋಣೆಯಲ್ಲಿ ಓಡಾಡಿದರು. ಯಂತ್ರ ನಿಲ್ಲಿಸುವುದನ್ನು ಮರೆತಿದ್ದರೆಂದು ಕಾಣುತ್ತದೆ. ಚಿತ್ರದಲ್ಲಿ ಅಡುಗೆಯಾಕೆ ಹೋಗಿ ಬಿಳಿ ಗಡ್ಡದ ಹಿರಿಯರು ಕಾಗದ ಹಿಡಿದು ಬಂದರು. ಏಸಿಯ ಗೊರಗೊರ ಎಲ್ಲೂ ಇರ‍ಲಿಲ್ಲ. ಹೊರಗೆ ದೂರದಲ್ಲಿ ಮಕ್ಕಳು ಚಂದ್ರ ಚಂದ್ರ ಎಂದು ಕೂಗುತ್ತಿದ್ದರು.

ಬಾಗಿಲು ತಟ್ಟಿದ ಸದ್ದಾಯಿತು.

“ಯಾರು?” ಹಾಜಿ ಕೇಳಿದರು. ಬಾಗಿಲು ತೆರೆಯಿತು. “ಓ, ಜೌಹರ್. ಬಾಪ್ಪ, ಒಳಗೆ ಬಾ. ಚಂದ್ರ ಕಾಣಿಸ್ತಂತೆ. ಕೂತ್ಕೊ.”

ಆ ಓಣಿಗೆ ಕಾಲೇ ಇಟ್ಟಿಲ್ಲ ಎಂದು ಬೆಂಕಿಗೆ ಗರಿ ಹಾಕುತ್ತ ಹೇಳಿದವನು ಅವನೇ.

“ಕೂರೋಕೆ ಬಂದಿಲ್ಲ, ಮಾಮಾ,” ಎಂದಿತು ಜೌಹರನ ದನಿ. ಈ ಸಲ ಅದರಲ್ಲಿ ಕೂಗಾಟವಿರಲಿಲ್ಲ. ತಗ್ಗಿದ ದನಿ. “ಒಂದೇ ಮಾತು ಕೇಳ್ಬೇಕು. ನನ್ನ ತಂಗಿ ಇಲ್ಲಿಗೆ ಬಂದಿದ್ಲಾ?”

ಸಬೀಕಾ ಎದ್ದು ಹೋಗಿ ಯಂತ್ರ ನಿಲ್ಲಿಸಿದಳು.

“ನಿಲ್ಲಿಸ್ಬೇಡ,” ಎಂದೆ. “ಇಷ್ಟೇ ಇದ್ದಿದ್ರೆ ಶಾಹೀನ್ ಸುಳ್ಳು ದನಿ ಅಂಟಿಸೋ ಕಷ್ಟ ಯಾಕೆ ಪಡ್ತಿದ್ದ? ಇದನ್ನೇ ಹಾಗೇ ಹಾಕ್ತಿದ್ದ. ಮುಂದೆ ಅವನನ್ನ ಹೆದರಿಸಿರೋದು ಏನೋ ಇದೆ. ನಿಮ್ಮಣ್ಣ ಉಳಿಯೋದು ಅದರಿಂದಾನೇ ಇರ್ಬಹುದು.”

“ಇರ್ಬಹುದು,” ಎಂದಳು. “ಇಲ್ದೇನೂ ಇರ್ಬಹುದು. ಮಾಮಾ ಸುಳ್ಳು ಹೇಳೋರಲ್ಲ, ಬು ಮರ್ಜಾನ್. ಬಂದಿದ್ಲು ಅಂತಾನೇ ಹೇಳಿರ್ತಾರೆ. ಅದನ್ನ ಕೇಳಿ ನಮ್ಮಣ್ಣ ಏನು ಮಾಡಿರ್ತಾನೆ?”

ಅವಳು ಕ್ಯಾಸೆಟ್ಟನ್ನು ಹೊರಗೆ ತೆಗೆದಳು. ಅದು ಇನ್ನೂ ಬೆಚ್ಚಗಿದ್ದಿರಬೇಕು, ಎರಡೂ ಅಂಗೈಗಳ ನಡುವೆ ಇಟ್ಟುಕೊಂಡಳು. ನಾನು ಕೈ ಚಾಚಿದೆ. ಅವಳು ಕೊಡಲಿಲ್ಲ.

ಆಗ ನಮ್ಮ ಬೀದಿ ಬಾಗಿಲು ಸದ್ದು ಮಾಡಿತು. ಮೆಲ್ಲಗೆ, ದೊಡ್ಡ ಕೈಯೊಂದು ಹಿಡಿತದಲ್ಲಿಟ್ಟು ತಟ್ಟಿದ ಹಾಗೆ.

“ಬು ಮರ್ಜಾನ್,” ಎಂದಿತು ಹೊರಗಿನ ದನಿ. ಕೂಗಾಟವಿರಲಿಲ್ಲ. “ನನ್ನ ತಂಗಿ ಇಲ್ಲಿಗೆ ಬಂದಿದಾಳಾ?”

ಸಬೀಕಾ ಕ್ಯಾಸೆಟ್ಟನ್ನು ಎದೆಗೆ ಒತ್ತಿಕೊಂಡು ನನ್ನನ್ನೇ ನೋಡುತ್ತ, ಇಲ್ಲವೆಂದು ಹೇಳಿ ಎಂಬಂತೆ ತಲೆಯಾಡಿಸಿದಳು. ಇದೇ ಪ್ರಶ್ನೆಗೆ ಮತ್ತರ್ ಹಾಜಿ ಏನು ಉತ್ತರ ಕೊಟ್ಟಿದ್ದರೋ ನನಗಿನ್ನೂ ಗೊತ್ತಿರಲಿಲ್ಲ. ನಾನು ಬಾಗಿಲ ಕಡೆ ನಡೆದೆ.